ನಾಲ್ಕು ಶುಕ್ರವಾರ ಗೈರುಹಾಜರಿ

ಶುಬ್ರಾ ಬಡಾವಣೆಯ ಕ್ಷೌರಿಕ ಲಬೀಬ್ ಮೂವತ್ತು ವರ್ಷದಲ್ಲಿ ಒಂದು ಶುಕ್ರವಾರವೂ ಚರ್ಚಿನ ಬಲಿಪೂಜೆ ತಪ್ಪಿಸಿದವನಲ್ಲ. ಅಂಥವನು ಈಗ ಸಾಲಾಗಿ ನಾಲ್ಕು ಶುಕ್ರವಾರ ಮನೆಯಲ್ಲೇ ಕೂತುಬಿಟ್ಟ. ಕಾಯಿಲೆಯಿಲ್ಲ, ಪಾದ್ರಿಯ ಮೇಲೆ ಮುನಿಸೂ ಇಲ್ಲ. ಹೆಂಡತಿ ಅವಾತಿಫ್ ತನ್ನೆದುರು ಕೂತು ಒಂದು ಲೋಟ ಚಹಾ ಕುಡಿಯಲಿ ಎಂಬ ಆಸೆ, ಅಷ್ಟೇ!

ಅವಾತಿಫ್‌ಗೆ ಪುರುಸೊತ್ತೆಲ್ಲಿ? ಸೋಮವಾರ ಹೆಂಗಸರ ಕೂಟ, ಮಂಗಳವಾರ ಆಸ್ಪತ್ರೆಯ ರೋಗಿಗಳು, ಗುರುವಾರ ಬಡವರ ಅಡುಗೆ, ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಚರ್ಚು. ಯಾರು ಏನು ಕೇಳಿದರೂ 'ಆಗಲಿ' ಎನ್ನುವ ಬಾಯಿ ಅವಳದು. ದೇವರ ಕೆಲಸಕ್ಕೆ ಅಡ್ಡ ಬರುವುದುಂಟೇ ಎಂದು ಲಬೀಬ್ ಬಾಯಿ ಮುಚ್ಚಿಕೊಂಡಿದ್ದ. ಆದರೆ ಅವಳು ಮಾಡಿಟ್ಟುಹೋದ ಬೇಳೆಸಾರನ್ನು ಒಬ್ಬನೇ ಬಿಸಿಮಾಡಿಕೊಂಡು ಉಣ್ಣುವಾಗ ಅವಳ ನೆನಪಾಗುತ್ತಿತ್ತು. ಒಂದೇ ಮನೆಯಲ್ಲಿದ್ದೂ ನೆನಪಾಗುವುದೆಂದರೆ!

ಒಂದು ದಿನ ಅಂಗಡಿಯಲ್ಲಿ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿಯೊಬ್ಬ, "ನಾಲ್ಕು ವಾರ ಪೂಜೆಗೆ ಹೋಗಿರ್ಲಿಲ್ಲ ನೋಡು. ನಿನ್ ಹೆಂಡ್ತಿ ಹುಡುಕ್ಕೊಂಡು ಬಂದ್ರು. ಒಂದು ಗಂಟೆ ಕೂತು ಕಷ್ಟಸುಖ ಕೇಳಿದ್ರು. ಪುಣ್ಯವಂತ ಕಣಯ್ಯಾ ನೀನು!" ಎಂದ. ಲಬೀಬನ ಕತ್ತಿ ಅಲ್ಲೇ ನಿಂತಿತು. ಒಂದು ಗಂಟೆ! ತನಗೆ ಯಾವತ್ತು ಸಿಕ್ಕಿತ್ತು?

ಪೂಜೆಗೆ ಬಾರದವರ ಪಟ್ಟಿಯನ್ನು ಪಾದ್ರಿ ಅಬೂನಾ ಬಿಸಾದಾ ಬರೆದು ಕೊಡುತ್ತಿದ್ದರು, ಅವಾತಿಫ್ ಬುಧವಾರ ಸಂಜೆ ಮನೆಮನೆಗೆ ಹೋಗುತ್ತಿದ್ದಳು. ತಾನೂ ಪೂಜೆ ತಪ್ಪಿಸಿ ಆ ಪಟ್ಟಿಗೆ ಸೇರಬೇಕೆಂದು ಲಬೀಬ್ ಅಂದೇ ನಿರ್ಧರಿಸಿದ. ಚರ್ಚಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ನಾಲ್ಕು ವಾರ ಕಳೆದರೂ ಅವಳಿಗೆ ಗಂಡ ಬಂದಿಲ್ಲವೆಂದು ತಿಳಿಯಲೇ ಇಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ನಾಲ್ಕನೆಯ ಶುಕ್ರವಾರ ಕಳೆದು ಬಂದ ಬುಧವಾರ ಸಂಜೆ ಬಾಗಿಲು ದಡದಡ ಬಡಿಯಿತು. ಹೊರಗೆ ಅವಾತಿಫ್; ಕೈಯಲ್ಲಿ ಪಟ್ಟಿ, ಮುಖ ಕೆಂಡ.

"ಏನ್ರೀ ಇದು? ಬೀದೀಲಿ ನಿಂತು ಓದ್ತೀನಿ, ನಮ್ಮನೆ ವಿಳಾಸ! ಮಾನ ಹೋಯ್ತು ನಂದು. ಮೈಗೆ ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಕೂತ್ಕೋ, ಚಹಾ ತರ್ತೀನಿ."

"ಇನ್ನೂ ಎರಡು ಮನೆ ಇದೆ."

"ಈ ಮನೇದು ಮುಗೀಲಿ. ಬೇರೆಯವ್ರಿಗೆ ಏನೇನು ಕೇಳ್ತೀಯೋ ಅದನ್ನೇ ಕೇಳು."

ಕೋಪದಲ್ಲೂ ಅವಳಿಗೆ ನಗು ಬಂತು. ಕುರ್ಚಿಯ ಅಂಚಿಗೆ ಕೂತು ಪೆನ್ನು ತೆಗೆದಳು.

"ಸರಿ ಸ್ವಾಮಿ. ಮನೇಲಿ ಎಷ್ಟು ಜನ ಇದೀರಿ?"

ತಮಾಷೆಯಾಗಿ ಏನಾದರೂ ಹೇಳಬೇಕೆಂದೇ ಲಬೀಬ್ ಬಾಯಿ ತೆರೆದದ್ದು.

"ನಾನೊಬ್ನೇ," ಎಂದುಬಿಟ್ಟ.

ಅವಳು ಬರೆಯಲಿಲ್ಲ. ಪಟ್ಟಿಯನ್ನು ಮಡಚಿಟ್ಟಳು. ಆಮೇಲೆ ಹೆಗಲಿನ ಚೀಲ ಇಳಿಸಿ, ಅವನು ತಂದ ಚಹಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಈ ಶುಕ್ರವಾರ ಪೂಜೆಗೆ ಬನ್ನಿ," ಎಂದಳು ಮೆಲ್ಲಗೆ.

"ಬರೋಕೇನು, ಬರ್ತೀನಿ. ಆದ್ರೆ ಬಂದ್ರೆ ನನ್ ಹೆಸ್ರು ಪಟ್ಟಿಯಿಂದ ತೆಗೆದುಬಿಡ್ತೀಯಲ್ಲೇ?"