ಹದಿನೆಂಟು ಅಂತ ಬರಿ

"ಹದಿನೆಂಟು ಅಂತ ಬರಿ ಅಂದ್ರೆ ಬರಿಯೇ, ಕತ್ತೆ! ಹೇಲು ಬಳಿಯೋಕೆ ಸಂಬಳ ನಿಂಗೆ, ನಂಗೆ ಪಾಠ ಹೇಳೋಕಲ್ಲ."

ಹೀಗೆ ಬೈದ ಲೋರ್ನಾ ನಮ್ಮ ವಾರ್ಡಿನ ಹೆಡ್ ನರ್ಸ್. ನಾನು ಸಹಾಯಕಿ. ಹೈಟಿಯಲ್ಲಿ ಹನ್ನೆರಡು ವರ್ಷ ನರ್ಸಾಗಿದ್ದೆ. ಅಮೆರಿಕದ ನೆಬ್ರಾಸ್ಕಾದ ಈ ಊರಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಎಂಟು ವರ್ಷವಾಯಿತು, ನನ್ನ ಪೂರ್ತಿ ಹೆಸರು ಒಬ್ಬರೂ ಕೇಳಿಲ್ಲ. ನಾನು ಕೂತ ಮೇಜಿಗೆ ಯಾರೂ ಊಟಕ್ಕೆ ಬರುವುದಿಲ್ಲ. ನಮ್ಮ ಕಡೆಯ ಕೆಂಪು ಕಾಳಿನ ಅನ್ನ ಒಬ್ಬಳೇ ತಿನ್ನುತ್ತೇನೆ.

ಜ್ವರ, ನಾಡಿ ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ನಿಮಿಷವಿಡೀ ಎದೆ ನೋಡಿಕೊಂಡು ಎಣಿಸಬೇಕು. ಯಾರಿಗಿದೆ ಪುರುಸೊತ್ತು? ಮಗುವಾಗಲಿ ಮುದುಕನಾಗಲಿ, ಎಲ್ಲರ ಕಾಗದದಲ್ಲೂ ಹದಿನೆಂಟೇ. ನಾನೊಬ್ಬಳು ಎಣಿಸುತ್ತೇನೆ, ಹಾಳು ಅಭ್ಯಾಸ.

ಇವತ್ತು ಬೆಳಿಗ್ಗೆ ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಇಪ್ಪತ್ತೆಂಟು. ಆ ವಯಸ್ಸಿಗೆ, ಅದೂ ಅಳುವಾಗ, ಸರಿಯೇ. ಕಿರುಚಲು ಉಸಿರಿದೆಯಲ್ಲ! ಆದರೂ ಡಾಕ್ಟರು, ನರ್ಸುಗಳು ಎಲ್ಲ ಅಲ್ಲೇ. ಅವಳಪ್ಪ ಮಾಂಸದ ಕಾರ್ಖಾನೆಯ ಮ್ಯಾನೇಜರು.

ಪಕ್ಕದ ಕೋಣೆಯಲ್ಲಿ ಎಂಬತ್ತೊಂದರ ಎವುಸೆಬಿಯೊ. ಅದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದನ ಕೊಯ್ದವನು. ಉಸಿರು ಮೂವತ್ತೆರಡು, ಮೈ ತಣ್ಣಗೆ. ನಿನ್ನೆ ನನ್ನನ್ನು 'ಮಗಳೇ' ಅಂದಿದ್ದ. ಇವತ್ತು ಹೊದಿಕೆಯ ಮೇಲೆ ಚಾಕು ಮಸೆಯುತ್ತಿದ್ದ, ಬರಿಗೈಯಲ್ಲಿ.

"ಹೇಗಿದೀರಪ್ಪಾ?"

"ಬಂದೆ ಸಾಮಿ, ಬಂದೆ. ಉಚ್ಚೆಗೆ ಹೋಗಿದ್ದೆ ಅಷ್ಟೇ. ಕೆಲಸದಿಂದ ತೆಗೀಬೇಡಿ."

ಮುದುಕರಿಗೆ ಸೋಂಕು ಏರಿದರೆ ಜ್ವರ ಬರಲೇಬೇಕೆಂದಿಲ್ಲ. ಬುದ್ಧಿ ತಪ್ಪುತ್ತದೆ, ಉಸಿರು ಓಡುತ್ತದೆ. ಮೂವತ್ತೆರಡು ಎಂದು ಬರೆದ ಕಾಗದವನ್ನು ಲೋರ್ನಾಗೆ ತೋರಿಸಿದ್ದಕ್ಕೇ ಆ ಬೈಗುಳ.

"ಜ್ವರ ಇಲ್ಲ, ಗಲಾಟೆ ಇಲ್ಲ. ವಯಸ್ಸಾಯ್ತು, ಬಡಬಡಿಸ್ತಾನೆ. ತಿದ್ದು," ಎಂದು ಕಾಗದವನ್ನು ನನ್ನ ಮುಖಕ್ಕೆಸೆದು ಹುಡುಗಿಯ ಕೋಣೆಗೆ ಹೋದಳು.

ಮುದುಕನ ಬಳಿ ಬಂದು ಮತ್ತೆ ಎಣಿಸಿದೆ. ಮೂವತ್ತಾರು. ತುಟಿ ನೀಲಿಗಟ್ಟುತ್ತಿತ್ತು. ಗೋಡೆಯ ಮೇಲೆ ಕೆಂಪು ಗುಂಡಿ, ಜೀವ ಹೋಗುವಾಗ ನರ್ಸುಗಳು ಮಾತ್ರ ಒತ್ತುವಂಥದ್ದು. ಸಹಾಯಕಿ ಒತ್ತಿದರೆ ಕೆಲಸ ಹೋದಂತೆಯೇ.

ಒತ್ತಿದೆ.

ಎಲ್ಲರೂ ಬಿದ್ದಂಬೀಳ ಓಡಿಬಂದರು. ಡಾಕ್ಟರು ಮುದುಕನ ಎದೆಗೆ ಸ್ಟೆತಾಸ್ಕೋಪ್ ಇಟ್ಟವರೇ, "ಆಕ್ಸಿಜನ್ ತನ್ನಿ, ಬೇಗ!" ಎಂದು ಕೂಗಿದರು. ಲೋರ್ನಾ ಮಾತ್ರ ಪೆನ್ನು ತೆಗೆದು ನನ್ನ ಮುಂದೆ ನಿಂತಳು.

"ದೂರು ಬರೀತೀನಿ ಕಣೇ ನಿನ್ಮೇಲೆ. ಪೂರ್ತಿ ಹೆಸರು ಬೊಗಳು."

"ಗಿಲೇನ್ ಫಿಲೋಮೆನ್ ಡೆರೋಜಿಯೆ. ನರ್ಸ್. ಅದರ ಪಕ್ಕದಲ್ಲೇ ಮೂವತ್ತಾರು ಅಂತಾನೂ ಬರ್ಕೊ."

ಅವಳ ಹಿಂದೆ, ಎವುಸೆಬಿಯೊನ ಕೈ ಇನ್ನೂ ಮಸೆಯುತ್ತಲೇ ಇತ್ತು.