ನಡುಗುವ ಬೆರಳಿಗೆ ಓಗೊಟ್ಟ ಹಿಟ್ಟು

ಕೈ ನಡುಗಲು ಶುರುವಾದ ಮೇಲೆ ಅಪ್ಪ ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದ. ನಾಡಿಬಡಿತ ಹಿಡಿಯುವ ಯಂತ್ರಗಳಿಗೆ ಬಿಲ್ಲೆ ಮಾಡುವ ಕಾರ್ಖಾನೆಯಲ್ಲಿ ಅರ್ಧ ಆಯಸ್ಸು ಸೀಸ ಬೆರೆತ ಪುಡಿ ಅರೆದವನು. ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಆ ಪುಡಿಗೆ ಅಲ್ಲಿ ಎಲ್ಲರೂ 'ಹಿಟ್ಟು' ಎನ್ನುತ್ತಿದ್ದರು. ಹಿಟ್ಟೆಂದ ಮೇಲೆ ಹೆದರುವುದೇನು? ಅಂಗೈಯನ್ನು ಉಫ್ ಎಂದು ಊದಿಕೊಂಡು ಊಟಕ್ಕೆ ಕೂರುತ್ತಿದ್ದರು ಮಹಾನುಭಾವರು! ಸೀಸ ಮೆಲ್ಲಗೆ ನರಕ್ಕೇರುವ ವಿಷವೆಂಬುದನ್ನು ಮರೆಮಾಡಿ ಆ ಹೆಸರೇ ಅವರ ಕಣ್ಣಿಗೆ ಮಣ್ಣೆರಚಿತ್ತು.

ಅಪ್ಪನ ತಮ್ಮ ಈಗಲೂ ಅದೇ ಕೋಣೆಯಲ್ಲಿ ಅರೆಯುತ್ತಿದ್ದ. ಸೀಸವಿಲ್ಲದ ಬಿಲ್ಲೆ ಸಣ್ಣ ಕಂಪನವನ್ನೂ ಹಿಡಿದರೆ ಹಳೇ ಹಿಟ್ಟು ನಿಲ್ಲಿಸುತ್ತೇನೆ ಎಂದು ಕಾರ್ಖಾನೆಯ ಯಜಮಾನ ಒಪ್ಪಿದ್ದ. ಅಂಥ ಬಿಲ್ಲೆ ಮಾಡಲು ಹೊರಟವಳು ಮಗಳು. ಇವತ್ತು ಪರೀಕ್ಷೆ.

ಪ್ರಯೋಗಾಲಯದಲ್ಲಿ ಮಗಳು ಕೈಗವಸು ತೊಟ್ಟು, ತಣ್ಣಗಾಗಿದ್ದ ದಪ್ಪ ಉಕ್ಕಿನ ಡಬ್ಬಿಯ ತಿರುಪು ಬಿಚ್ಚಿದಳು. ಒಳಗೆ ತಿಳಿನೀರು, ತಳದಲ್ಲಿ ಬೆಳ್ಳನೆಯ ಪುಡಿ.

"ಉಸಿರು ಹಿಡ್ಕೋ!" ಅಪ್ಪ ಕೂಗಿದ.

"ಇದ್ರಲ್ಲಿ ಸೀಸ ಇಲ್ಲಪ್ಪ. ಕ್ಷಾರದ ನೀರಲ್ಲಿ ನಯೋಬಿಯಂ ಅನ್ನೋ ಲೋಹದ ಪುಡಿ ಹಾಕಿ, ಬಿಗಿಯಾಗಿ ಮುಚ್ಚಿ ಕಾಯಿಸಿದ್ರೆ ಆಯ್ತು. ಆ ಒತ್ತಡದಲ್ಲಿ ಹೊಸ ಹಿಟ್ಟು ತಾನಾಗೇ ಹುಟ್ಟುತ್ತೆ."

"ಅರೆಯದೇ ಹಿಟ್ಟಾ? ಯಾರ ಕಿವಿಗೆ ಹೂವು ಇಡ್ತೀಯೆ?"

ಮಗಳು ನಕ್ಕು, ಚಿಟಿಕೆ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅಪ್ಪ ಕಣ್ಣಿಟ್ಟ. ಒಂದೊಂದು ಕಣವೂ ಮೂಲೆ ಮುಕ್ಕಾಗದ ಪುಟ್ಟ ಪೆಟ್ಟಿಗೆ. ಕೈ ಮುಟ್ಟದೆ, ಕಲ್ಲು ತಾಗದೆ, ಬರೀ ನೀರು ಕಟ್ಟಿದ ಪೆಟ್ಟಿಗೆಗಳು!

ಹಿಂದಿನ ಸಲದ ಪುಡಿಯನ್ನು ಅದುಮಿ, ಸುಟ್ಟು, ವಿದ್ಯುತ್ತಿನಿಂದ ಹದಗೊಳಿಸಿ ಮಾಡಿದ ಬಿಲ್ಲೆ ಮೇಜಿನ ಮೇಲಿತ್ತು. ಅದರ ತಂತಿ ಪರದೆಗೆ ಹೋಗಿತ್ತು. ಮಗಳು ಬೆರಳೊತ್ತಿ ಹಿಡಿದಳು. ಹಸಿರು ಗೆರೆ ಒಮ್ಮೆ ಚಿಮ್ಮಿ ನೆಟ್ಟಗೆ ಮಲಗಿಬಿಟ್ಟಿತು.

ಅಪ್ಪ ಪರದೆಯತ್ತ ಬಾಗಿದ. "ಸತ್ತೋಯ್ತಾ?"

"ಇಲ್ಲಪ್ಪ. ನಾವು ಸುಮ್ನಿದ್ರೆ ಅದೂ ಸುಮ್ನಿರುತ್ತೆ. ಅಲುಗಾಡಿದ್ರೇನೇ ಮಾತು. ನಿನ್ನ ಕೈ ಕೊಡು."

"ಹಾಳು ಕೈ ಕಣೇ ಇದು. ಪರೀಕ್ಷೆ ಕೆಡುತ್ತೆ."

"ಇದೇ ಕೈ ಬೇಕು."

ಜೇಬಿನಿಂದ ಕೈ ಬಂತು. ಬೆರಳು ಬಿಲ್ಲೆಯ ಮೇಲೆ ಕೂತದ್ದೇ ತಡ, ಗೆರೆ ಎದ್ದು ಕುಣಿಯಿತು. ನಿಲ್ಲಲೇ ಇಲ್ಲ. ಹೆಂಡತಿಗೂ ಕಾಣದಂತೆ ಮುಚ್ಚಿಟ್ಟ ನಡುಕವನ್ನು ಆ ಪುಟ್ಟ ಬಿಲ್ಲೆ ಒಂದೂ ಬಿಡದೆ ಅಲೆಅಲೆಯಾಗಿ ಬರೆಯುತ್ತಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬೆರಗಿನಲ್ಲಿ ಅವನ ಕಣ್ಣು ತುಂಬಿ ಬಂತು.

"ಚಿಕ್ಕಪ್ಪಂಗೆ ಫೋನ್ ಮಾಡೇ," ಎಂದ, ಬೆರಳು ತೆಗೆಯದೆ. "ಹಳೇ ಹಿಟ್ಟು ಇನ್ನು ಸಾಕು, ಕೈ ತೊಳ್ಕೊಂಡು ಬಾ ಅನ್ನು."