ಗುಂಡಿಯೊಳಗಿನ ಸರದಾರ

ತನ್ನನ್ನು ಭಾಷಣಕ್ಕೇ ಕರೆದಿದ್ದಾರೆಂದು ಪ್ರಭಾವತಿ ನಂಬಿದ್ದಳು. ನಂಬದೆ ಏನು ಮಾಡಿಯಾಳು? ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ತನ್ನೂರಾದ ಸುಳ್ಳದ ಬಯಲಿನಲ್ಲಿ ಹಿಂದೊಮ್ಮೆ ನಡೆದ ಕಾಳಗಕ್ಕೆ ಸ್ಮಾರಕ ಕಟ್ಟುತ್ತಿದ್ದಾರೆ. ಸಮಿತಿಯ ಅಧ್ಯಕ್ಷ ವೆಂಕಣ್ಣನವರೇ ಫೋನು ಮಾಡಿ, "ಲಗೂ ಬಾರವಾ, ನೀ ಇಲ್ಲದ ಕೆಲಸ ನಿಂತದ" ಅಂದಿದ್ದರು. ಹೊಸ ಇಳಕಲ್ ಸೀರೆ ಉಟ್ಟು, ಅವ್ವ ಸತ್ಯವ್ವನನ್ನೂ ಕರೆದುಕೊಂಡು ಬಂದಳು.

ಬಯಲಿನಲ್ಲಿ ವೇದಿಕೆ ಇರಲಿಲ್ಲ, ಜೆಸಿಬಿ ನಿಂತಿತ್ತು. ಅಡಿಪಾಯ ತೋಡುವಾಗ ಮನುಷ್ಯರ ಎಲುಬುಗಳು ರಾಶಿ ರಾಶಿ ಹೊರಬಿದ್ದಿದ್ದವು. ಕೂಲಿಯವರು ಮುಟ್ಟಲೊಲ್ಲೆವೆಂದು ದೂರ ಕುಳಿತಿದ್ದರು. ಸಮಿತಿಯ ದೊಡ್ಡ ಮನುಷ್ಯರು ಮೂಗಿಗೆ ಕರವಸ್ತ್ರ ಹಿಡಿದಿದ್ದರು, ಆ ಒಣ ಎಲುಬು ಇವತ್ತಿಗೂ ನಾರುತ್ತದೆ ಎನ್ನುವ ಹಾಗೆ!

ವೆಂಕಣ್ಣನವರು ಗೋಣಿಚೀಲ ತೋರಿಸಿದರು. "ಇವನ್ನ ತುಂಬಿಸಿ ಹಳ್ಳದ ಆಚಿ ಹಾಕಿಸಿಬಿಡು. ಹಿಂದಿನಿಂದ ಇದು ನಿಮ್ಮ ಕೇರಿಯವರ ಕೆಲಸ. ನೀ ಏನ್ ಮುಟ್ಟಬ್ಯಾಡ, ಮಂದಿ ಕರಸು. ನಿನ್ನ ಮಾತು ಕೇಳ್ತಾರ."

ಪ್ರಭಾವತಿಯ ಮೈ ಉರಿದುಹೋಯಿತು. ಇಷ್ಟು ಓದಿ, ಇಷ್ಟು ಮಕ್ಕಳಿಗೆ ಕಲಿಸಿ, ಕೊನೆಗೂ ಈ ಜನಕ್ಕೆ ಕಂಡದ್ದು ಗೋಣಿಚೀಲ!

ಈ ಗುಂಡಿಯ ಕಥೆ ಅವಳು ಅವ್ವನ ತೊಡೆಯ ಮೇಲೆ ಕೂತು ಕೇಳಿದ್ದು. ಕಾಳಗ ಮುಗಿದ ಮೇಲೆ ಗೆದ್ದವರೂ ಸೋತವರೂ ತಮ್ಮವರ ಹೆಣಗಳನ್ನು ಹದ್ದಿಗೆ ಬಿಟ್ಟು ಹೋದರು. ಊರವರು ಕೇರಿಯವರನ್ನು ಬಡಿದು ತಂದು ಹೆಣ ಎಳೆಸಿದರು. ಎಳೆದವರು ಯಾವ ಹೆಣ ಯಾರ ಕಡೆಯದೆಂದು ನೋಡಲಿಲ್ಲ, ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಮಲಗಿಸಿ ಮಣ್ಣು ಕೊಟ್ಟರು. ಮಣ್ಣು ಕೊಟ್ಟ ಮೇಲೆ ಸತ್ತವರು ಮನೆಯವರಾದರು. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಸತ್ಯವ್ವನ ಮನೆಯಿಂದ ಇಲ್ಲಿಗೆ ಎಡೆ ಬರುತ್ತದೆ. ಅಧ್ಯಕ್ಷರ ಮನೆಯಿಂದ ಒಂದು ಅಗುಳೂ ಬಂದಿಲ್ಲ.

"ಕಾಕಾ, ನಿಮ್ಮ ವಂಶದ ಸರದಾರರೊಬ್ಬರು ಇದ ಕಾಳಗದಾಗ ಸತ್ತಾರಂತ ಸ್ಮಾರಕದ ಕಲ್ಲಿನ ಮ್ಯಾಲ ಹೆಸರು ಕೆತ್ತಿಸೀರಿ, ಹೌದಿಲ್ರಿ?"

"ಖರೇನ. ಭಾಳ ಶೂರ ಇದ್ರು." ವೆಂಕಣ್ಣನವರ ಎದೆ ಉಬ್ಬಿತು.

"ಮತ್ತ ಅವರ ಹೆಣ ಎಲ್ಲಿ ಹೋತ್ರಿ?"

ಪ್ರಭಾವತಿ ಗುಂಡಿಯತ್ತ ಕೈ ತೋರಿಸಿದಳು.

"ಇಲ್ಲೇ ಐತ್ರಿ. ಚೀಲದಾಗ ತುಂಬಿ ಹಳ್ಳದಾಚಿ ಒಗಿ ಅಂದ್ರಲ್ಲ, ಅವರನ್ನ!"

ಅವರು ಗುಂಡಿಯತ್ತ ಒಮ್ಮೆ ಬಗ್ಗಿ ನೋಡಿದರು. ದನಿ ಇಳಿಯಿತು. "ಯಾವುದು ಅವರದು ಅಂತ ಗೊತ್ತಾದ್ರ ಹೇಳವಾ. ಅದೊಂದು ತಗೊಂಡು ಸಂಸ್ಕಾರ ಮಾಡಸ್ತೇನಿ. ಉಳಿದದ್ದು..."

"ಉಳಿದವರು ಹಳ್ಳಕ್ಕೇನ್ರೀ?" ಮಗಳ ಹಿಂದೆ ನಿಂತಿದ್ದ ಸತ್ಯವ್ವ ಗುಡುಗಿದಳು. "ಇವರಾಗ ಆರಿಸಾಕ ಬರೂದಿಲ್ಲ. ಕೊಡೂದಾದ್ರ ಎಲ್ಲಾರಿಗೂ ಮಣ್ಣು ಕೊಡ್ರಿ. ಇಳೀರಿ ಕೆಳಗ."

ವೆಂಕಣ್ಣನವರು ತಮ್ಮ ಕೈ ನೋಡಿಕೊಂಡರು, ಸುತ್ತ ನಿಂತ ಸಮಿತಿಯವರ ಮುಖ ನೋಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದರು.

ಪ್ರಭಾವತಿ ಸೆರಗು ಸಿಕ್ಕಿಸಿ ಗುಂಡಿಗಿಳಿದಳು. ಬೊಗಸೆ ತುಂಬ ಮಣ್ಣೆತ್ತಿ, ಮೇಲೆ ನಿಂತವರಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು:

"ಸರದಾರ್ರ, ನಿಮ್ಮ ಮನಿಯವರು ಬರೂದಿಲ್ಲಂತ್ರಿ. ಈ ಸಲಾನೂ ನಾವ ಬಂದೇವಿ."